ಬಾಯಿ ತೊಳೆದು ಬನ್ನಿ ಅಂದವನು ನಾನೇ

ಗಂಟಲೊಳಕ್ಕೆ ಹತ್ತಿ ಸುತ್ತಿದ ಕಡ್ಡಿ ಹಾಕಿ ಒರೆಸಿಕೊಂಡು ಬರೋದೂ ಒಂದು ಕೆಲಸವೇನ್ರೀ ಅಂತ ನನ್ನನ್ನು ಕೇಳಿದವರು ಬಹಳ ಜನ. ಕೆಲಸ ಹೌದು. ಅದನ್ನ ತಪ್ಪಾಗಿ ಮಾಡಿದರೆ ಏನಾಗುತ್ತೆ ಅಂತ ಹೇಳೋಕೆ ಇದನ್ನ ಬರೀತಿದೀನಿ. ಇಷ್ಟು ವರ್ಷ ಬರೆಯಲಿಲ್ಲ, ಬರೆಯೋಕೆ ನನಗೆ ಮುಖ ಇರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಕಡೂರಿನಲ್ಲಿ ರೈಲ್ವೆ ಸ್ಟೇಷನ್ನಿಗೆ ಕೂಗಳತೆ ದೂರದಲ್ಲಿ ಎರಡು ಕೋಣೆಯ ಒಂದು ಸಣ್ಣ ಆರೋಗ್ಯ ಘಟಕ. ಮುಂದಿನ ಕೋಣೆಯಲ್ಲಿ ನಾಲ್ಕು ಮಂಚ, ಹಿಂದಿನದು ನನ್ನ ಲ್ಯಾಬು. ಒಬ್ಬರು ಡಾಕ್ಟರು, ಒಬ್ಬರು ಸಿಸ್ಟರ್, ಟೆಕ್ನಿಷಿಯನ್ ನಾನು, ಮತ್ತೆ ತಳ್ಳಿದರೆ ಮಾತ್ರ ಹೊರಡುವ ಒಂದು ಜೀಪು. ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರು ಕಡೆ ಎಲ್ಲಿ ಗಂಟಲಮಾರಿ, ಅಂದರೆ ಡಿಫ್ತೀರಿಯಾ, ಕಾಣಿಸಿದರೂ ನಮಗೆ ಕರೆ ಬರೋದು.

ಆ ಸಲ ಕರೆ ಬಂದದ್ದು ಅಜ್ಜಂಪುರದ ಆಚೆಗಿನ ಒಂದು ಸಣ್ಣ ಹಳ್ಳಿಯಿಂದ. ಒಂದೇ ಬೀದಿಯಲ್ಲಿ ಹದಿನೈದು ದಿನದೊಳಗೆ ಎರಡು ಮಕ್ಕಳು ಹೋಗಿದ್ದವು. ಕತ್ತು ಊದಿ, ಗಂಟಲಲ್ಲಿ ಬೂದಿ ಬಣ್ಣದ ಪೊರೆ ಕಟ್ಟಿ, ಉಸಿರಿಗೆ ದಾರಿಯಿಲ್ಲದೆ ಹೋದ ಮಕ್ಕಳು. ಊರಿನವರು ಊರಮ್ಮ ದೇವಿಗೆ ತಂಪು ಮಾಡಿಸಿ ಸುಮ್ಮನಾಗಿದ್ದರು. ಅಲ್ಲಿನ ಮೇಷ್ಟ್ರು ಒಂದು ಕಾರ್ಡು ಬರೆದು ಹಾಕಿದ್ದರಿಂದ ನಮಗೆ ಗೊತ್ತಾಯಿತು.

ಈ ಕಾಯಿಲೆ ಹರಡೋರು ಕಾಯಿಲೆಯವರೇ ಆಗಿರಬೇಕು ಅಂತಿಲ್ಲ. ಗುಂಡುಕಲ್ಲಿನ ಹಾಗಿರೋ ಮನುಷ್ಯರ ಗಂಟಲಲ್ಲಿ ಆ ರೋಗಾಣು ತಿಂಗಳುಗಟ್ಟಲೆ ಕೂತಿರುತ್ತೆ. ಅವರಿಗೆ ಒಂದು ಕೆಮ್ಮೂ ಇರೋದಿಲ್ಲ, ಅವರ ಪಕ್ಕದಲ್ಲಿ ಮಲಗಿದ ಮಗುವಿಗೆ ಬಂದುಬಿಡುತ್ತೆ. ಆ ಬೀದಿಯಲ್ಲಿ ಅಂಥ ಗಂಟಲು ಯಾರದು ಅಂತ ಹುಡುಕೋದೇ ನನ್ನ ಕೆಲಸ.

ಅದಕ್ಕೆ ತಯಾರಿ ಮೂರು ದಿನ ಮುಂಚೆಯೇ ಶುರು. ಬೆಳಿಗ್ಗೆ ಬೆಳಿಗ್ಗೆ ಕಟುಕರ ಅಂಗಡಿಗೆ ಹೋಗಿ ಕುರಿಯ ರಕ್ತವನ್ನ ಬಿಸಿಯಲ್ಲಿ ಶುದ್ಧಿ ಮಾಡಿದ ಬುಡ್ಡಿಗೆ ಹಿಡಿದು ತರಬೇಕು. ರಕ್ತ ಹೆಪ್ಪುಗಟ್ಟಿ ಮೇಲೆ ನಿಂತ ತಿಳಿಯನ್ನ ಬಗ್ಗಿಸಿ, ಸಕ್ಕರೆ ಬೆರೆಸಿದ ಮಾಂಸದ ಸಾರಿನ ಜೊತೆ ಸೇರಿಸಿ, ಗಾಜಿನ ಕೊಳವೆಗೆ ಹೊಯ್ದು ಓರೆಯಾಗಿ ಮಲಗಿಸಿ, ಮೂರು ದಿನ ಹದವಾಗಿ ಬಿಸಿ ಕೊಟ್ಟರೆ ಅದು ಗಿಣ್ಣಿನ ಹಾಗೆ ಗಟ್ಟಿಯಾಗುತ್ತೆ. ಗಂಟಲು ಒರೆಸಿದ ಹತ್ತಿಯನ್ನ ಆ ಗಿಣ್ಣಿನ ಮೇಲೆ ಎಳೆದು, ಮೈಬಿಸಿಯಷ್ಟು ಕಾವಿನ ಪೆಟ್ಟಿಗೆಯಲ್ಲಿ ಇಟ್ಟರೆ ಮಾರನೇ ದಿನಕ್ಕೆ ರೋಗಾಣುವಿನ ಬೆಳೆ. ಕಾವು ಜಾಸ್ತಿಯಾದರೆ ಗಿಣ್ಣಿನಲ್ಲಿ ಗುಳ್ಳೆ ಏಳುತ್ತೆ, ಅಷ್ಟೂ ಹಾಳು. ನಾನು ಆ ಪೆಟ್ಟಿಗೆ ಮುಂದೆ ಬಾಣಂತಿ ಕಾಯೋ ಹಾಗೆ ಕೂತಿರುತ್ತಿದ್ದೆ.

ಹಳ್ಳಿಗೆ ಹೋದ ದಿನ ಶಾಲೆಯ ಜಗಲಿ ಮೇಲೆ ನಮ್ಮ ಠಿಕಾಣಿ. ಸಿಸ್ಟರ್ ಮಕ್ಕಳನ್ನ ತೊಡೆ ಮೇಲೆ ಕೂರಿಸಿಕೊಂಡು ತಲೆ ಹಿಡಿಯೋರು. ನಾನು ಟಾರ್ಚು ಬಿಟ್ಟು, ನಾಲಿಗೆ ಒತ್ತಿ ಹಿಡಿದು, ಗಂಟಲಿನ ಎರಡೂ ಪಕ್ಕ ಮತ್ತು ಹಿಂದಿನ ಗೋಡೆ ಒರೆಸಿ ಕೊಳವೆಗೆ ಹಾಕಿ ಹೆಸರು ಬರೆಯೋದು. ಸಿಸ್ಟರ್ ಕೈಯಲ್ಲಿ ಕೆಲಸ, ಕಿವಿ ಊರಿನವರ ಮಾತಿನ ಮೇಲೆ. ಮಧ್ಯಾಹ್ನದ ಹೊತ್ತಿಗೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು.

"ಹೋದ ಎರಡೂ ಮಕ್ಕಳು ಆ ಮೂಲೆಮನೆ ಅಜ್ಜಿ ಜಗಲಿ ಬಿಟ್ಟು ಏಳ್ತಾನೇ ಇರ್ಲಿಲ್ವಂತೆ ಕಣ್ರೀ. ಅಜ್ಜಿ ಬಾಯಿಂದ ತಂಬುಲ ಈಸ್ಕೊಂಡು ತಿನ್ನೋವಂತೆ."

ನನಗೆ ಅದು ಹೊಸದೇನಲ್ಲ, ನಾನೂ ತಿಂದು ಬೆಳೆದವನೇ. ಅಜ್ಜಿಯರು ಎಳೇ ಎಲೆಗೆ ಸುಣ್ಣ ಕಮ್ಮಿ ಹಚ್ಚಿ, ಅಡಿಕೆ ಜೊತೆ ಜಗಿದು ಮೆತ್ತಗೆ ಮಾಡಿ, ಬೆರಳ ತುದಿಯಲ್ಲಿ ತೆಗೆದು ಮಕ್ಕಳ ನಾಲಿಗೆಗೆ ಇಡೋರು. ಮಕ್ಕಳಿಗೆ ನಾಲಿಗೆ ಕೆಂಪಾಗಿದ್ಯಾ ಅಂತ ಒಬ್ಬರಿಗೊಬ್ಬರು ತೋರಿಸೋದೇ ಹಬ್ಬ. ಆ ಅಜ್ಜಿಯ ಜಗಲಿಗೆ ಹೋಗಿ ನೋಡಿದರೆ ಆಗಲೂ ಮೂರು ಮಕ್ಕಳು ಸುತ್ತ ಕೂತಿದ್ದವು. ಅವಳ ಮೊಮ್ಮಗಳು, ನಾಲ್ಕು ವರ್ಷದ್ದು, ಬೆನ್ನಿಗೆ ಜೋತು ಬಿದ್ದಿತ್ತು. ನಾವು ಹತ್ತಿರ ಹೋದ ಕೂಡಲೇ ಆ ಮಗು ನನಗೆ ನಾಲಿಗೆ ಚಾಚಿ ತೋರಿಸಿತು.

ಸಿಸ್ಟರ್ ಅಜ್ಜಿಗೆ ಬಿಡಿಸಿ ಹೇಳಿದರು. ರಿಪೋರ್ಟು ಬರೋವರೆಗೆ ತಂಬುಲ ಬೇಡ, ಮೊಮ್ಮಗಳನ್ನ ಪಕ್ಕದಲ್ಲಿ ಮಲಗಿಸಿಕೊಳ್ಳೋದೂ ಬೇಡ. ಅಜ್ಜಿ ಒಂದು ಮಾತೂ ಎದುರಾಡದೆ ಒಳಗಿದ್ದ ತನ್ನ ಚಾಪೆ ಎತ್ತಿ ತಂದು ಜಗಲಿಗೆ ಹಾಕಿಕೊಂಡಳು. ಸೊಸೆ ಆಗ ಬಸುರಿ, ಮಗು ಅವಳ ಹತ್ತಿರ ಮಲಗಲ್ಲ ಅಂತ ರಚ್ಚೆ ಹಿಡಿಯಿತು.

ಇನ್ನು ನನ್ನ ತಾಪತ್ರಯ. ದೊಡ್ಡವರ ಬಾಯಿ ತೆಗೆಸಿದರೆ ಟಾರ್ಚಿನ ಬೆಳಕಿಗೆ ಕೆಂಪು ಬಿಟ್ಟು ಬೇರೇನೂ ಕಾಣದು. ಹತ್ತಿ ಕೆಂಪು, ಕಡ್ಡಿ ಕೆಂಪು, ಅಡಿಕೆ ಚೂರು ಬೇರೆ. ಹಿಂದಿನ ತಿಂಗಳು ತರೀಕೆರೆ ಕಡೆಯಿಂದ ಹೀಗೇ ತಂದಾಗ ಡಾಕ್ಟರು, "ಏನ್ರೀ, ಸ್ವಾಬ್ ತಂದಿದೀರೋ, ಪೀಕದಾನಿ ತಂದಿದೀರೋ" ಅಂತ ಎಲ್ಲರೆದುರು ಉಗಿದಿದ್ದರು. ನನಗೆ ಮೂಗಿನ ತುದಿಯಲ್ಲೇ ಕೋಪ. ಎದ್ದು ನಿಂತು ಎಲ್ಲರಿಗೂ ಕೇಳೋ ಹಾಗೆ ಹೇಳಿದೆ.

"ಎಲೆಯಡಿಕೆ ಹಾಕೋರು ಯಾರೂ ಇವತ್ತು ಬೇಡ. ನಾಳೆ ಬೆಳಿಗ್ಗೆ ಬಾಯಿ ಚೆನ್ನಾಗಿ ತೊಳ್ಕೊಂಡು ಬನ್ನಿ. ಗಂಟ್ಲವರ್ಗೂ ತೊಳ್ಕೊಂಡು ಬನ್ನಿ."

ಸ್ವಾಬ್ ತೆಗೆಯೋ ಮುಂಚೆ ಮುಕ್ಕಳಿಸಿರಬಾರದು, ಗಂಟಲಿಗೆ ಏನೂ ಹಚ್ಚಿರಬಾರದು ಅಂತ ತರಬೇತಿಯಲ್ಲಿ ನನ್ನ ಕೈಯಾರೆ ಬರೆದುಕೊಂಡಿದ್ದೆ. ಬರೀ ನೀರು ತಾನೇ, ಏನಾಗುತ್ತೆ ಅಂತ ನನ್ನ ಧಿಮಾಕು. ನೀರಿಗೆ ಅವರು ಏನೇನು ಹಾಕಬಹುದು ಅಂತ ನಾನು ಯೋಚಿಸಲಿಲ್ಲ.

ಮಾರನೇ ದಿನ ಬೆಳಿಗ್ಗೆ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಅಜ್ಜಿ. ಒಗೆದ ಸೀರೆ, ಬಾಚಿ ಕಟ್ಟಿದ ತುರುಬು. ಬಾಯಿ ತೆಗೆದಳು. ನಲವತ್ತು ವರ್ಷ ಎಲೆಯಡಿಕೆ ಹಾಕಿದ ಬಾಯಿ ಅಂತ ಹೇಳೋ ಹಾಗೇ ಇರಲಿಲ್ಲ. ಲವಂಗದ ವಾಸನೆ ಘಮ್ಮಂತ ಬಂತು.

"ಏನಜ್ಜಿ, ಬಾಯಿ ಹಿಂಗೆ ಫಳಫಳ ಅಂತಿದೆ?"

"ಸರ್ಕಾರ್ದೋರ ಮುಂದೆ ಎಂಜಲು ಬಾಯಿ ತೆಗಿಯಕಾಯ್ತದಾ ಸ್ವಾಮಿ? ಕೋಳಿ ಕೂಗ್ತಿದ್ದಂಗೆ ಎದ್ದು ಉಪ್ಪು, ಅರಿಶಿಣ, ಪಟಿಕ ಹಾಕಿ ನೀರು ಕುದಿಸ್ದೆ. ಗಂಟ್ಲು ಉರಿಯೋಗಂಟ ಮುಕ್ಕಳಿಸಿದೀನಿ. ಆಮೇಲೆ ಒಂದು ಲವಂಗ ಹಾಕ್ಕೊಂಡೆ."

ನಾನು ಏನು ಮಾಡಬೇಕಿತ್ತು? ಇವತ್ತು ಬೇಡ ಅಜ್ಜಿ, ಏನೂ ಮುಕ್ಕಳಿಸದೆ ನಾಡಿದ್ದು ಬಾ ಅನ್ನಬೇಕಿತ್ತು. ನಾನು ಮಾಡಿದ್ದು ಏನಂದರೆ, ಸಾಲಿನ ಕಡೆ ತಿರುಗಿ, "ನೋಡ್ರಪ್ಪಾ, ಬರೋದಾದ್ರೆ ಈ ಅಜ್ಜಿ ಥರ ಬರ್ಬೇಕು" ಅಂತ ಶಭಾಷ್‌ಗಿರಿ ಕೊಟ್ಟೆ. ಅಜ್ಜಿ ನಾಚಿ ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. ಕಡ್ಡಿ ಹೊರಗೆ ತೆಗೆದಾಗ ಹತ್ತಿಯ ತುದಿ ಹಳದಿ ಇತ್ತು. ಅದನ್ನ ನಾನು ಕಣ್ಣಾರೆ ನೋಡಿದೆ, ನೋಡಿಯೇ ಕೊಳವೆಗೆ ಹಾಕಿದೆ.

ಜೀಪು ಕೈಕೊಟ್ಟಿದ್ದರಿಂದ ಕೊಳವೆಗಳನ್ನ ಬಟ್ಟೆ ಚೀಲದಲ್ಲಿ ತೊಡೆ ಮೇಲಿಟ್ಟುಕೊಂಡು ಅಜ್ಜಂಪುರದಿಂದ ಪ್ಯಾಸೆಂಜರ್ ಗಾಡಿಯಲ್ಲೇ ಕಡೂರಿಗೆ ಬಂದೆ. ಮಾರನೇ ದಿನ ಕಿಟಕಿ ಬಿಸಿಲಿಗೆ ಮೈಕ್ರೋಸ್ಕೋಪು ಇಟ್ಟು ಒಂದೊಂದೇ ನೋಡಿದೆ. ಬಣ್ಣ ಕೊಟ್ಟ ಗಾಜಿನಲ್ಲಿ ಈ ರೋಗಾಣು ಹಸಿರು ಕಡ್ಡಿಯ ಹಾಗೆ ಕಾಣುತ್ತೆ, ಕಡ್ಡಿಯ ತುದಿಗೆ ಕಪ್ಪು ಚುಕ್ಕಿ. ಬೆಂಕಿಕಡ್ಡಿ ಮುರಿದು ಚೆಲ್ಲಿದ ಹಾಗೆ ಓರೆಕೋರೆಯಾಗಿ ಬಿದ್ದಿರುತ್ತವೆ. ಅವು ಒಂದೇ ಒಂದು ಗಂಟಲಲ್ಲಿ ಸಿಕ್ಕಿದವು, ಅದೇ ಬೀದಿಯ ಎಂಟು ವರ್ಷದ ಒಬ್ಬ ಹುಡುಗಿಯದು. ಅಜ್ಜಿಯ ಗಿಣ್ಣಿನ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಒರೆಸಿಟ್ಟ ಬೆಳ್ಳಿ ತಟ್ಟೆ ಹಾಗಿತ್ತು.

ಮೂಲ ಸಿಕ್ಕಿತು ಅಂತ ನಮಗೆಲ್ಲ ಖುಷಿ. ಡಾಕ್ಟರು ಆ ಹುಡುಗಿಗೆ ಪೆನಿಸಿಲಿನ್ ಶುರು ಮಾಡಿದರು. ಸಿಸ್ಟರ್ ಬೀದಿಯ ಮಕ್ಕಳಿಗೆಲ್ಲ ಮೊದಲನೇ ಸುತ್ತಿನ ಲಸಿಕೆ ಹಾಕಿದರು. ಆ ಲಸಿಕೆ ಮೈಗೆ ಹತ್ತೋಕೆ ಇನ್ನೂ ಎರಡು ಸುತ್ತು ಬೇಕು, ತಿಂಗಳುಗಳು ಬೇಕು. ನಾನು ಮನೆಮನೆಗೆ ರಿಪೋರ್ಟಿನ ಚೀಟಿ ಹಂಚಿದೆ. ಅಜ್ಜಿಗೆ ಓದೋಕೆ ಬರದು, ಚೀಟಿಯನ್ನ ಮೇಲೆ ಕೆಳಗೆ ಮಾಡಿ ನೋಡಿದಳು.

"ಏನು ಬರ್ದೀರಿ ಸ್ವಾಮಿ?"

"ಇಲ್ಲ ಅಂತ ಬರ್ದಿದೆ. ನಿನ್ನ ಗಂಟ್ಲಲ್ಲಿ ಏನೂ ಇಲ್ಲ ಅಜ್ಜಿ."

"ಹಂಗಾರೆ ಮಗೀನ ಹತ್ರ ಸೇರಿಸ್ಕೋಬೋದಾ?"

"ಧಾರಾಳವಾಗಿ," ಅಂದೆ.

ಮಗು ಅಲ್ಲೇ ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿತ್ತು. ಓಡಿ ಬಂದು ಅಜ್ಜಿಯ ತೊಡೆ ಮೇಲೆ ಬಿತ್ತು.

ಎರಡು ವಾರವೂ ಆಗಿರಲಿಲ್ಲ. ಒಂದು ಬೆಳಿಗ್ಗೆ ನಾನು ಲ್ಯಾಬಿನ ಬೀಗ ತೆಗೀತಿದ್ದೆ. ಸ್ಟೇಷನ್ ಕಡೆಯಿಂದ ಅಜ್ಜಿ ಬರುತ್ತಿದ್ದಳು, ಹೆಗಲ ಮೇಲೆ ಮಗು. ಕತ್ತು ಎರಡೂ ಕಡೆ ಊದಿ ಗದ್ದವೇ ಕಾಣುತ್ತಿರಲಿಲ್ಲ. ಸೊಸೆಗೆ ಏಳು ತಿಂಗಳು, ಆದ್ದರಿಂದ ಅಜ್ಜಿಯೇ ಗಾಡಿ ಹತ್ತಿ ಬಂದಿದ್ದಳು.

"ನಿಮ್ಮ ಹತ್ರಾನೇ ಕರ್ಕೊಂಡ್ಬಂದೆ ಸ್ವಾಮಿ," ಅಂದಳು.

ಈ ರೋಗಾಣು ಮೈಯೊಳಗೆ ಬಿಡೋ ವಿಷ ಇಳಿಸೋ ಇಂಜೆಕ್ಷನ್ ನಮ್ಮಲ್ಲಿ ಇರಲಿಲ್ಲ. ಡಾಕ್ಟರೇ ಶಿವಮೊಗ್ಗಕ್ಕೆ ಹೋಗಿ ಸಂಜೆಯೊಳಗೆ ತಂದು ಹಾಕಿದರು. ನಾನು ಅಷ್ಟರಲ್ಲಿ ಅಜ್ಜಿಯನ್ನ ಕೂರಿಸಿ ಬಾಯಿ ತೆಗೆಸಿದೆ. ಎರಡು ದಿನದಿಂದ ಅವಳು ಎಲೆ ಮುಟ್ಟಿರಲಿಲ್ಲ, ಮುಕ್ಕಳಿಸಿರಲಿಲ್ಲ, ಅನ್ನವನ್ನೂ ಸರಿಯಾಗಿ ಉಂಡಿರಲಿಲ್ಲ. "ಬಾಯಿ ತೊಳ್ದಿಲ್ಲ ಸ್ವಾಮಿ," ಅಂತ ಹಿಂಜರಿದಳು. ಪರವಾಗಿಲ್ಲ ಅಂದೆ. ಆ ಮಾತು ಅಂದ ಕ್ಷಣವೇ ನನಗೆ ಹಳದಿ ಹತ್ತಿ ನೆನಪಾಯಿತು.

ಮಾರನೇ ದಿನ ಅವಳ ಗಿಣ್ಣಿನ ತುಂಬ ಬೆಳೆ. ಮೈಕ್ರೋಸ್ಕೋಪಿನಲ್ಲಿ ಹಸಿರು ಕಡ್ಡಿ, ಕಪ್ಪು ಚುಕ್ಕಿ, ಎಲ್ಲಿ ನೋಡಿದರೂ ಅದೇ. ಹಳೇ ಪುಸ್ತಕ ತೆಗೆದು ಅವಳ ಹೆಸರಿನ ಮುಂದೆ ನಾನೇ ಬರೆದದ್ದನ್ನ ಓದಿದೆ. 'ಬೆಳೆ ಏನೂ ಇಲ್ಲ.' ಯಾವ ಮನುಷ್ಯನ ಗಂಟಲೂ ಅಷ್ಟು ಬರಿದಾಗಿ ಇರೋದಿಲ್ಲ. ಆರೋಗ್ಯವಂತರ ಗಂಟಲಲ್ಲೂ ಬೇರೆ ಬೇರೆ ಸಾಧು ರೋಗಾಣು ಇದ್ದೇ ಇರುತ್ತವೆ, ಗಿಣ್ಣಿನ ಮೇಲೆ ಏನಾದರೂ ಬೆಳೆಯಲೇಬೇಕು. ಏನೂ ಬೆಳೆಯಲಿಲ್ಲ ಅಂದರೆ ಹತ್ತಿಯಲ್ಲಿ ಬಂದದ್ದನ್ನ ಯಾವುದೋ ಔಷಧಿ ಕೊಂದಿದೆ ಅಂತಲೇ ಅರ್ಥ. ಇದು ಮೊದಲ ವರ್ಷದ ಪಾಠ. ನಾನು ಆ ಬರಿದನ್ನ ನೋಡಿ ಚೆನ್ನಾಗಿದೆ ಅಂದುಕೊಂಡಿದ್ದೆ.

ಡಾಕ್ಟರಿಗೆ ಎಲ್ಲಾ ಒಪ್ಪಿಸಿದೆ. ಬೈತಾರೆ ಅಂತ ಕಾದೆ. ಅವರು ಬೈಯಲಿಲ್ಲ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಈಗ ಮುದುಕಿಗೆ ಏನೂ ಹೇಳ್ಬೇಡಿ. ಮಗು ಹತ್ರ ಕೂರೋಳು ಅವಳೊಬ್ಬಳೇ. ರೋಗಿ ಜೊತೆ ಇರೋರಿಗೆಲ್ಲ ಕೊಡೋ ಸೂಜಿ ಅಂತ ಹೇಳಿ ಅವಳಿಗೂ ಪೆನಿಸಿಲಿನ್ ಶುರು ಮಾಡಿ," ಅಂದರು. ಅಜ್ಜಿಯ ಬೆಳೆಯ ಒಂದು ಕೊಳವೆಯನ್ನ, ಅದು ವಿಷ ಬಿಡೋ ಜಾತಿಯೋ ಅಲ್ಲವೋ ಅನ್ನೋ ಪರೀಕ್ಷೆಗೆ ಬೆಂಗಳೂರಿಗೆ ಕಳಿಸಿದೆ.

ಆರನೇ ದಿನಕ್ಕೆ ಮಗುವಿನ ಪೊರೆ ಬಿಟ್ಟಿತು. ಊತ ಇಳಿಯಿತು. ಗಂಜಿ ಕುಡಿಯಿತು. ಸಿಸ್ಟರ್ ತಮ್ಮ ಮನೆಯಿಂದ ಮೆಣಸಿನ ಸಾರು ತಂದರು. ಮಗು ನನ್ನನ್ನ ನೋಡಿ ನಾಲಿಗೆ ಚಾಚಿದಾಗ ನಾನು ಲ್ಯಾಬಿಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಬದುಕಿತು ಅಂತ ಅತ್ತದ್ದು. ಆದರೆ ಡಾಕ್ಟರು ನಾಡಿ ನೋಡಿ ಮುಖ ಸಪ್ಪಗೆ ಮಾಡುತ್ತಿದ್ದರು. ಗಂಟಲು ವಾಸಿಯಾದ ಮೇಲೂ ಆ ವಿಷ ಹೃದಯದಲ್ಲಿ ಇರುತ್ತೆ. "ಇನ್ನೂ ಎರಡು ವಾರ ದಿಂಬಿನಿಂದ ತಲೆ ಎತ್ತಿಸ್ಬಾರ್ದು ಅಜ್ಜಿ. ಕೂರಿಸ್ಲೇಬಾರ್ದು," ಅಂತ ದಿನಕ್ಕೆ ಮೂರು ಸಲ ಹೇಳೋರು. ಅಜ್ಜಿ ಮಗುವಿನ ಎದೆ ಮೇಲೆ ಕೈಯಿಟ್ಟುಕೊಂಡೇ ಕೂತಿರೋಳು.

ಹನ್ನೊಂದನೇ ದಿನ ಮಧ್ಯಾಹ್ನ. ನಾನು ಅಜ್ಜಿಯ ಗಂಟಲಿನ ಎರಡನೇ ಸ್ವಾಬು ನೋಡುತ್ತಿದ್ದೆ. ಒಂದು ವಾರದ ಪೆನಿಸಿಲಿನ್ ಆದ ಮೇಲೂ ರೋಗಾಣು ಅಲ್ಲೇ ಇತ್ತು. ಮುಂದಿನ ಕೋಣೆಯಲ್ಲಿ ಅಜ್ಜಿ ಗಂಜಿ ಆರಿಸೋಕೆ ಅಂತ ಆ ಕಡೆ ತಿರುಗಿದ್ದಾಳೆ. ಸ್ಟೇಷನ್ನಿಗೆ ಗಾಡಿ ಬಂದು ಸೀಟಿ ಹಾಕಿತು. ಮಗು ತಾನಾಗಿ ಎದ್ದು ಕೂತಿತು.

"ಅಜ್ಜೀ, ರೈಲು."

ಇಷ್ಟು ನನಗೆ ಕೇಳಿಸಿತು. ನಾನು ಬಾಗಿಲಿಗೆ ಬರೋಷ್ಟರಲ್ಲಿ ಮಗು ಹಿಂದಕ್ಕೆ ಬಿದ್ದಾಗಿತ್ತು. ಡಾಕ್ಟರು ಎದೆ ಒತ್ತಿದರು, ಸೂಜಿ ಹಾಕಿದರು. ಅಜ್ಜಿ ಗಂಜಿ ಬಟ್ಟಲು ಹಿಡಿದುಕೊಂಡು ನಿಂತೇ ಇದ್ದಳು. "ನಾನು ಕೂರಿಸ್ಲಿಲ್ಲ ಸ್ವಾಮಿ, ನಾನು ಕೂರಿಸ್ಲಿಲ್ಲ," ಅಂತ ನಮ್ಮೊಬ್ಬೊಬ್ಬರಿಗೂ ಹೇಳಿದಳು.

ಬೆಂಗಳೂರಿನ ಕಾಗದ ನಾಲ್ಕು ದಿನ ಬಿಟ್ಟು ಬಂತು. ಅಜ್ಜಿಯ ಗಂಟಲಿನದು ವಿಷ ಬಿಡೋ ಜಾತಿಯೇ. ಡಾಕ್ಟರು ಕಾಗದ ಮಡಚಿ, "ಈ ಸಲ ಬೇರೆ ಮಾತ್ರೆ ಕೊಡೋಣ. ಶಕ್ತಿ ಮಾತ್ರೆ ಅಂತ ಹೇಳಿ. ಆ ವಯಸ್ಸಿಗೆ ಈ ಸುದ್ದಿ ಹೊರಿಸೋದು ಪಾಪ ಕಣ್ರೀ," ಅಂದರು. ಅವರು ಒಳ್ಳೆಯ ಮನುಷ್ಯ, ಅವರ ಮಾತಲ್ಲೂ ನ್ಯಾಯ ಇತ್ತು. ಎರಡು ದಿನ ಮಾತ್ರೆ ಪೊಟ್ಟಣ ಜೇಬಲ್ಲಿಟ್ಟುಕೊಂಡು ಓಡಾಡಿದೆ. ಹೇಳದೆ ಇದ್ದರೆ ಅವಳು ಮತ್ತೆ ಜಗಲಿಗೆ ಬರುತ್ತಾಳೆ. ಮೊಮ್ಮಗಳು ಹೋದ ಸಂಕಟಕ್ಕೆ ಬೀದಿ ಮಕ್ಕಳನ್ನ ಇನ್ನೂ ಹತ್ತಿರ ಎಳೆದುಕೊಳ್ಳುತ್ತಾಳೆ. ಮಾತ್ರೆ ಕೆಲಸ ಮಾಡೋವರೆಗೆ ತಂಬುಲ ನಿಲ್ಲಲೇಬೇಕು, ಕಾರಣ ಗೊತ್ತಿಲ್ಲದೆ ಅವಳು ಯಾಕೆ ನಿಲ್ಲಿಸುತ್ತಾಳೆ? ಹೇಳಲೇಬೇಕು ಅಂತ ತೀರ್ಮಾನ ಮಾಡಿದೆ. ಹೇಳೋದಾದರೆ ನನ್ನ ಪಾಲನ್ನೂ ಹೇಳಬೇಕು.

ಅಜ್ಜಂಪುರದಲ್ಲಿ ಇಳಿದು ನಡೆದುಕೊಂಡೇ ಹೋದೆ. ಅಜ್ಜಿ ಒಬ್ಬಳೇ ಹಿತ್ತಲಲ್ಲಿ ಕೂತಿದ್ದಳು. ಎದುರಿಗೆ ಕುಕ್ಕರಗಾಲಲ್ಲಿ ಕೂತು ಹೇಳಿದೆ. ರೋಗಾಣು ಅವಳ ಗಂಟಲಲ್ಲಿದೆ, ಅವಳಿಗೆ ಗೊತ್ತಾಗೋ ಹಾಗೇ ಇರಲಿಲ್ಲ, ಅದರಲ್ಲಿ ಅವಳ ತಪ್ಪು ಏನೂ ಇಲ್ಲ. ನಾನು ಬಾಯಿ ತೊಳೆದು ಬಾ ಅಂದದ್ದಕ್ಕೇ ಮೊದಲ ಸಲ ಅದು ಸಿಗಲಿಲ್ಲ. ತಪ್ಪು ನನ್ನದು. ಮಗುವನ್ನ ಸೇರಿಸ್ಕೋ ಅಂದವನೂ ನಾನೇ.

ಅಜ್ಜಿ ಬೈದಿದ್ದರೆ ಚೆನ್ನಾಗಿತ್ತು. ಮಣ್ಣು ಎತ್ತಿ ಎರಚಿದ್ದರೂ ತಲೆ ಬಗ್ಗಿಸಿಕೊಂಡು ನಿಲ್ಲುತ್ತಿದ್ದೆ.

"ತೊಳ್ಕೊಂಡು ಬಾ ಅನ್ನೋದು ತಪ್ಪು ಹೆಂಗಾಯ್ತದೆ ಸ್ವಾಮಿ," ಅಂದಳು. "ನೀವು ಒಳ್ಳೇದಕ್ಕೇ ಅಂದ್ರಿ. ನನ್ನ ಬಾಯೇ ಕೆಟ್ಟದ್ದು."

"ಹಂಗಲ್ಲ ಅಜ್ಜಿ."

"ಆ ಇಬ್ರು ಮಕ್ಳಿಗೂ ನಂದೇ ಹೋಗಿದ್ದಾ?"

ಇರಬಹುದು, ಗೊತ್ತಿಲ್ಲ ಅಂದೆ. ಅದು ನಿಜ, ಗೊತ್ತಿರಲಿಲ್ಲ. ಅಜ್ಜಿ ಎದ್ದು ಒಳಗೆ ಹೋಗಿ ಎಲೆಯಡಿಕೆ ಚೀಲ, ಸುಣ್ಣದ ಡಬ್ಬಿ ತಂದು ಗೊಬ್ಬರದ ಗುಂಡಿಗೆ ಹಾಕಿದಳು. ಆಮೇಲೆ ಕೈ ಚಾಚಿ ಮಾತ್ರೆ ಈಸ್ಕೊಂಡಳು. ದಿನಕ್ಕೆ ಎಷ್ಟು ಅಂತ ಎರಡು ಸಲ ಕೇಳಿದಳು.

ಬೀದಿಯವರಿಗೆ ನಾನಾಗಲಿ ಸಿಸ್ಟರಾಗಲಿ ಬಾಯಿ ಬಿಡಲಿಲ್ಲ. ಅಜ್ಜಿ ತಾನೇ ಹೇಳಿಕೊಂಡಳಂತೆ, ಹೋದ ಎರಡು ಮಕ್ಕಳ ತಾಯಂದಿರ ಮನೆ ಬಾಗಿಲಿಗೆ ಹೋಗಿ. ಅವರು ಏನಂದರು ಅಂತ ನನಗೆ ಗೊತ್ತಿಲ್ಲ, ಕೇಳೋ ಧೈರ್ಯವೂ ಇರಲಿಲ್ಲ.

ಮಾತ್ರೆ ಮುಗಿದ ಮೇಲೆ ಸ್ವಾಬ್ ತೆಗೆದೆ. ಒಂದು ದಿನ ಬಿಟ್ಟು ಇನ್ನೊಂದು, ವಾರ ಬಿಟ್ಟು ಮತ್ತೊಂದು. ಪ್ರತಿ ಸಲವೂ ಬೆಳಗಿನ ಬಾಯಿ, ಒಂದು ಗುಟುಕು ನೀರೂ ಕುಡಿಯದ ಬಾಯಿ. ಮೂರರಲ್ಲೂ ಗಿಣ್ಣಿನ ಮೇಲೆ ಎಲ್ಲರ ಗಂಟಲಲ್ಲೂ ಇರೋ ಸಾಧು ರೋಗಾಣು ಬೆಳೆದವು, ಆ ಹಸಿರು ಕಡ್ಡಿ ಒಂದೂ ಇರಲಿಲ್ಲ. ಸರಿಯಾದ ಸ್ವಾಬು, ಸರಿಯಾದ ಬೆಳೆ. ನನ್ನ ಜೀವಮಾನದಲ್ಲಿ ಅಷ್ಟು ಜೋಪಾನವಾಗಿ ಯಾವ ಗಾಜನ್ನೂ ನೋಡಿಲ್ಲ. ಹಳೇ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ, 'ಮುಕ್ಕಳಿಸಿದ ಗಂಟಲಿನ ಸ್ವಾಬು, ನಂಬಬಾರದು, ತಪ್ಪು ನನ್ನದು' ಅಂತ ಬರೆದು ಸಹಿ ಹಾಕಿದೆ.

ಮೂರನೇ ಚೀಟಿ ಕೊಡೋಕೆ ಹೋಗೋದು ಯಾಕೋ ತಡವಾಯಿತು. ತರೀಕೆರೆ ಕಡೆ ಇನ್ನೊಂದು ಊರಿನ ಕೆಲಸ ಬಂತು. ಹೋದಾಗ ಸೊಸೆಗೆ ಹೆರಿಗೆಯಾಗಿ ತಿಂಗಳಾಗಿತ್ತು. ಹೆಣ್ಣು ಮಗು. ಒಳಮನೆಯಲ್ಲಿ ತೊಟ್ಟಿಲು ಕಟ್ಟಿದ್ದರು. ಸೊಸೆ ನನ್ನನ್ನ ನೋಡಿದ್ದೇ ಕಣ್ಣೀರು ಹಾಕಿದಳು.

"ನೀವಾದ್ರೂ ಹೇಳಿ ಅಣ್ಣಾ. ಅತ್ತೆ ಮಗೀನ ಮುಖಾನೇ ನೋಡಿಲ್ಲ. ಎತ್ಕೊಳಿ ಅಂದ್ರೆ ಹಿತ್ತಲಿಗೆ ಹೋಗ್ಬಿಡ್ತಾರೆ. ನಂಗೇನೂ ಸಿಟ್ಟಿಲ್ಲ ಅಂತ ದೇವ್ರಾಣೆ ಮಾಡಿ ಹೇಳಿದೀನಿ."

ಅಜ್ಜಿ ಹೊಸಿಲಿನ ಈಚೆ, ನಡುಮನೆಯ ಕಂಬಕ್ಕೆ ಒರಗಿ ಕೂತಿದ್ದಳು. ಸೆರಗು ಮೂಗಿನವರೆಗೆ ಸುತ್ತಿಕೊಂಡಿದ್ದಳು. ನಾನು ಹತ್ತಿರ ಕೂತು ಚೀಟಿ ಅವಳ ಅಂಗೈಯಲ್ಲಿ ಇಟ್ಟೆ.

"ಮೂರು ಸಲ ನೋಡಿದೀನಿ ಅಜ್ಜಿ. ಈಗ ನಿನ್ನ ಗಂಟ್ಲಲ್ಲಿ ಇಲ್ಲ. ನಾನು ಹೇಳ್ತಿದೀನಲ್ಲ, ಮಗೂನ ಎತ್ಕೋ."

ಅವಳು ಚೀಟಿ ನೋಡಲಿಲ್ಲ, ನನ್ನನ್ನ ನೋಡಿದಳು. ಅವಳ ದನಿಯಲ್ಲಿ ಸಿಟ್ಟು ಒಂದಿಷ್ಟೂ ಇರಲಿಲ್ಲ.

"ಅವತ್ತೂ ಇಲ್ಲ ಅಂತಾನೇ ಹೇಳಿದ್ರಲ್ಲ ಸ್ವಾಮಿ."

ಒಳಗೆ ಮಗು ಅತ್ತಿತು. ಅಜ್ಜಿ ಪಕ್ಕದಲ್ಲಿದ್ದ ಹಗ್ಗ ಕೈಗೆ ತೆಗೆದುಕೊಂಡಳು. ತೊಟ್ಟಿಲಿನ ಹಗ್ಗ ಅಲ್ಲಿಗೆ ಮುಟ್ಟುವಷ್ಟು ಉದ್ದ ಇರಲಿಲ್ಲ. ಅದಕ್ಕೆ ಬಾವಿ ನೀರು ಸೇದುವ ಹಗ್ಗ ಒಂದನ್ನ ಗಂಟು ಹಾಕಿ ಹೊಸಿಲು ದಾಟಿಸಿ ತಂದಿದ್ದಳು. ಸೆರಗನ್ನ ಇನ್ನೂ ಬಿಗಿಯಾಗಿ ಬಾಯಿಗೆ ಒತ್ತಿಕೊಂಡು, ಮುಖ ಗೋಡೆಗೆ ತಿರುಗಿಸಿ, ಅಷ್ಟು ದೂರದಿಂದ ಮಗುವನ್ನ ತೂಗತೊಡಗಿದಳು.